ದಾರದ ಮೇಲೆ ಜಾರಿ ಇಳಿಯುವ ಗಾಳ: ಮನೆಯಲ್ಲೇ ಮಾಡಿದವರು ಇದ್ದೀರಾ?

ಕಾಪುಬಂಡೆ:

ಎಲ್ಲರಿಗೂ ನಮಸ್ಕಾರ. ನನ್ನದು ಕಾಪುವಿನಲ್ಲಿ ಮಿಕ್ಸಿ-ಗ್ರೈಂಡರ್ ರಿಪೇರಿ ಅಂಗಡಿ. ಆದಿತ್ಯವಾರ ಅಂಗಡಿ ಬಂದ್, ಹಾಗಾಗಿ ಶನಿವಾರ ರಾತ್ರಿ ಲೈಟ್‌ಹೌಸ್ ಹತ್ತಿರದ ಬಂಡೆಯ ಮೇಲೆ ನನ್ನ ಹಾಜರಿ ಇದ್ದೇ ಇರ್ತದೆ. 12 ಅಡಿಯ ಗಾಳದ ರಾಡ್, 0.45 ಮಿ.ಮೀ. ತಂಗೂಸಿ (ನೈಲಾನ್ ದಾರ), ಅದರ ತುದಿಗೆ ಭಾರಕ್ಕೆ 100 ಗ್ರಾಂ ಗುಂಡು.

ನನ್ನ ತೊಂದರೆ ಎಂತದು ಅಂದ್ರೆ, ಗಾಳಕ್ಕೆ ಬೂತಾಯಿ ಮೀನು ಕಟ್ಟಿ ಜೋರಾಗಿ ಬೀಸಿದ್ರೆ ಗುಂಡು ಒಂದು ಕಡೆ ಹೋಗ್ತದೆ, ಬೂತಾಯಿ ಇನ್ನೊಂದು ಕಡೆ ಹಾರ್ತದೆ. ಗಾಳದಲ್ಲಿ ಉಳಿಯೋದು ತಲೆ ಮಾತ್ರ. ಮೆಲ್ಲ ಬೀಸಿದ್ರೆ ಬಂಡೆ ಬುಡದಲ್ಲೇ ಬೀಳ್ತದೆ, ಅಲ್ಲಿ ಡೆಂಜಿಗಳ (ಏಡಿಗಳ) ಸಾಮ್ರಾಜ್ಯ. ಹತ್ತು ನಿಮಿಷ ಬಿಟ್ಟು ಎಳೆದ್ರೆ ಗಾಳ ತೊಳೆದಿಟ್ಟ ಹಾಗೆ ಬರ್ತದೆ. ಜೀವ ಇರುವ ಸಣ್ಣ ಮೀನು ಕಟ್ಟುವ ಅಂದ್ರೆ ಬೀಸಿದ ಪೆಟ್ಟಿಗೇ ಅದು ಸಾಯ್ತದೆ.

ಒಂದು ವಿಡಿಯೋದಲ್ಲಿ ನೋಡಿದೆ. ಅವರು ಮೊದಲು ಬರೀ ಗುಂಡನ್ನು ಎಸೀತಾರೆ. ಗುಂಡು ಕೂತ ಮೇಲೆ, ಬೆಟ್ (ಮೀನಿಗೆ ಆಸೆ ತೋರಿಸುವ ತಿಂಡಿ) ಕಟ್ಟಿದ ಬೇರೆ ತುಂಡು ದಾರವನ್ನು ಒಂದು ಕ್ಲಿಪ್‌ನಲ್ಲಿ ಮೇನ್ ದಾರಕ್ಕೆ ಸಿಕ್ಕಿಸಿ ಬಿಡ್ತಾರೆ. ಅದು ದಾರದ ಮೇಲೆಯೇ ಜಾರಿ ಜಾರಿ ಸಮುದ್ರಕ್ಕೆ ಇಳೀತದೆ. ಆ ಕ್ಲಿಪ್ ಇಲ್ಲಿ ಯಾವ ಅಂಗಡಿಯಲ್ಲೂ ಸಿಗ್ಲಿಲ್ಲ. ನಾನೇ ದೊಡ್ಡ ಸೇಫ್ಟಿ ಪಿನ್ ಹಾಕಿ ಮೊನ್ನೆ ಸಂಜೆ ಬೀಚಿನ ಮರಳಲ್ಲಿ ನಿಂತು ಪರೀಕ್ಷೆ ಮಾಡಿದೆ. ಸ್ವಲ್ಪ ದೂರ ಹೋಗಿ ನಿಂತಿತು. ರಾಡ್ ಅಲ್ಲಾಡಿಸಿದ್ರೂ ಇಲ್ಲ. ಎಳೆದು ನೋಡಿದ್ರೆ ಪಿನ್ ಬಾಯಿ ಬಿಟ್ಟಿತ್ತು, ಬೆಟ್ ನಾಪತ್ತೆ.

ಯಾವ ಕಂಬಿ, ಎಷ್ಟು ದಪ್ಪ, ಹೇಗೆ ಬಗ್ಗಿಸೋದು, ಯಾರಾದ್ರೂ ಹೇಳಿ. ಇಕ್ಕಳ, ಅರ, ಸೋಲ್ಡರ್ ಎಲ್ಲ ಅಂಗಡಿಯಲ್ಲೇ ಉಂಟು.

ಕೆರೆಏರಿ:

ಸಾರ್, ನಾನು ತುಮಕೂರು ಕಡೆ. ನಮ್ಮ ಕೆರೆ ಏರಿ ಮೇಲೆ ನಿಂತ್ಕೊಂಡು ಇದನ್ನ ಮಾಡ್ಬೋದಾ? ನಮ್ಮಲ್ಲಿ ಗೋಧಿ ಹಿಟ್ಟಿನ ಉಂಡೆ ಎಸೆಯೋವಾಗಲೇ ಅರ್ಧ ಉದುರಿ ಹೋಗತ್ತೆ.

ಗಂಗೊಳ್ಳಿ ವೆಲ್ಡರ್:

ಹ್ವಾಯ್ ಕಾಪುಬಂಡೆಯವರೇ, ನಿಮ್ಮ ಪಿನ್ನಿನದ್ದು ಏನೂ ತಪ್ಪಿಲ್ಲ ಮಾರಾಯ್ರೆ. ಪಾಪ ಅದಕ್ಕೆ ಇಳಿಯಲಿಕ್ಕೆ ಇಳಿಜಾರೇ ಇರಲಿಲ್ಲ. ಎಲ್ಲರೂ ಕ್ಲಿಪ್ಪು ಕ್ಲಿಪ್ಪು ಅಂತ ಸಾಯ್ತಾರೆ. ನಾನು ಮೊದಲ ವರ್ಷ ಹನ್ನೆರಡು ಬಗೆಯ ಕ್ಲಿಪ್ ಬಗ್ಗಿಸಿದೆ, ಎಲ್ಲವೂ ಮಧ್ಯದಲ್ಲೇ ನಿಂತವು. ಆಮೇಲೆ ಜಾಗ ಬದಲಿಸಿದೆ, ಮೊದಲನೇ ಕ್ಲಿಪ್ಪೇ ಇಳಿಯಿತು.

ಲೆಕ್ಕ ಕಾಣಿ. ಮರಳಿನ ಮೇಲೆ ನಿಂತು 12 ಅಡಿ ರಾಡ್ ಎತ್ತಿ ಹಿಡಿದರೆ ತುದಿ ನೀರಿಂದ 4 ಮೀಟರ್ ಮೇಲೆ. ಗುಂಡು ಬಿದ್ದಲ್ಲಿ ಆಳ ಒಂದೂವರೆ ಮೀಟರ್ ಅಂತ ಇಟ್ಕೊಳ್ಳಿ. ಒಟ್ಟು ಐದೂವರೆ ಮೀಟರ್ ಇಳಿತ, ಅದೂ 70 ಮೀಟರ್ ದೂರಕ್ಕೆ. ಅದು ಇಳಿಜಾರಲ್ಲ, ಅಂಗಳ. ಅದೇ 3 ಮೀಟರ್ ಎತ್ತರದ ಬಂಡೆ ಮೇಲೆ ನಿಂತು, 4 ಮೀಟರ್ ಆಳ ಇರುವ ಕಡೆ, 50 ಮೀಟರಿಗೆ ಎಸೆಯಿರಿ. 11 ಮೀಟರ್ ಇಳಿತ ಸಿಕ್ಕಿತು. 50ಕ್ಕೆ 11. ಇಷ್ಟಿದ್ದರೆ ಕೊಡೆ ಕಡ್ಡಿಯಲ್ಲಿ ಮಾಡಿದ್ದೂ ಇಳೀತದೆ. ದೂರ ಎಸೆದವನು ಗೆದ್ದ ಅಂತ ಈ ಆಟದಲ್ಲಿ ಇಲ್ಲ. ಹತ್ತಿರದ ಆಳ ಬೇಕು. ಹಗಲಲ್ಲಿ, ಕಡಲು ಇಳಿದ ಹೊತ್ತಿಗೆ ಹೋಗಿ ನಿಮ್ಮ ಬಂಡೆಯ ಎದುರು ಎಲ್ಲಿ ಗುಂಡಿ ಉಂಟು, ಎಲ್ಲಿ ಕಲ್ಲು ಎದ್ದಿದೆ ಅಂತ ಒಮ್ಮೆ ನೋಡಿ ಬನ್ನಿ. ಎಸೆಯುವುದು ಆಮೇಲೆ.

ಎತ್ತರ ಇದ್ದ ಮಾತ್ರಕ್ಕೂ ಆಗಲಿಲ್ಲ. ಮರವಂತೆಯಲ್ಲಿ ಹೆದ್ದಾರಿ ಪಕ್ಕ ಕಡಲಿಗೆ ಹಾಕಿದ ಕಲ್ಲಿನ ಮೇಲೆ ಹತ್ತಿ ನಿಂತು ನಾನೂ ನೋಡಿದ್ದೇನೆ. ಎತ್ತರ ಭರ್ಜರಿ. ಆದರೆ ತೆರೆ ಮುರಿಯುವುದು ಅಲ್ಲೇ, ದಾರವನ್ನು ಬಿಗಿ ಇಡಲಿಕ್ಕೆ ಬಿಡುವುದಿಲ್ಲ. ದಾರ ಸಡಿಲ ಆದರೆ ಜೋತು ಬೀಳ್ತದೆ, ಜೋತು ಬಿದ್ದ ಕಡೆ ಕ್ಲಿಪ್ ಕೂತ್ಕೊಳ್ತದೆ. ಅಳಿವೆ ಬಾಯಿಯ ಬ್ರೇಕ್‌ವಾಟರ್ (ತೆರೆ ತಡೆಯುವ ಕಲ್ಲಿನ ದಂಡೆ) ತುದಿ ಒಳ್ಳೆಯದು, ಆದರೆ ಬೋಟು ಬರುವ ಹೊತ್ತು ತಿಳಿದು ಹೋಗಿ. ಬೋಟಿನವನ ಪ್ರೊಪೆಲ್ಲರಿಗೆ ನಿಮ್ಮ ತಂಗೂಸಿ ಸಿಕ್ಕಿದರೆ ಅವನು ಬೈಯುವ ಬೈಗುಳ ಇಲ್ಲಿ ಬರೆಯಲಿಕ್ಕೆ ಆಗುವುದಿಲ್ಲ.

ಇನ್ನು ಕಂಬಿ. ಸ್ಟೀಲ್ ಕಂಬಿ 18 ಗೇಜು ತಗೊಳ್ಳಿ, 1.2 ಮಿ.ಮೀ. ಬರ್ತದೆ. 16 ಗೇಜು, ಅಂದ್ರೆ 1.6 ಮಿ.ಮೀ., ಇನ್ನೂ ಗಟ್ಟಿ. ಆದರೆ ಕೈಯಲ್ಲಿ ಸಣ್ಣ ಸುರುಳಿ ಸುತ್ತುವಾಗ ಬೆರಳು ನೋಯ್ತದೆ. ಸಿಕ್ಕಿದರೆ 316 ನಂಬ್ರದ್ದು, ಉಪ್ಪುನೀರಿಗೆ ಅದೇ. 304 ಆದರೂ ನಡೀತದೆ, ಮನೆಗೆ ಬಂದು ಸಿಹಿನೀರಲ್ಲಿ ತೊಳೆದಿಡಿ. ಸೈಕಲ್ ಸ್ಪೋಕ್ ಹಾಕುವವರಿದ್ದಾರೆ, ಅದು 2 ಮಿ.ಮೀ. ಇರ್ತದೆ. ಹಳೇ ಸೈಕಲ್ಲಿನದ್ದು ಹೆಚ್ಚಾಗಿ ಕಬ್ಬಿಣಕ್ಕೆ ಹೊಳಪು ಕೊಟ್ಟದ್ದು. ಮ್ಯಾಗ್ನೆಟ್ ಹಿಡಿದು ನೋಡಿ. ಗಟ್ಟಿಯಾಗಿ ಅಂಟಿಕೊಂಡರೆ ಬಿಸಾಡಿ. ಸ್ವಲ್ಪ ಸೆಳೆದರೆ ಹೆದರಬೇಡಿ, ಒಳ್ಳೆ ಸ್ಟೀಲನ್ನೂ ಎಳೆದು ಕಂಬಿ ಮಾಡಿದಾಗ ಅದಕ್ಕೆ ಸ್ವಲ್ಪ ಸೆಳೆತ ಬರ್ತದೆ.

12 ಸೆಂ.ಮೀ. ತುಂಡು ಮಾಡಿ. ಅಕ್ಕಸಾಲಿಗರ ದುಂಡುಮೂತಿ ಇಕ್ಕಳ ಇದ್ದರೆ ಚೆಂದ. ಇಲ್ಲದಿದ್ದರೆ 4 ಮಿ.ಮೀ. ಡ್ರಿಲ್ ಬಿಟ್ಟಿನ ಹಿಂಬದಿ ಸಾಕು, ಅದಕ್ಕೇ ಸುತ್ತಿ. ಎರಡೂ ತುದಿಗೆ ಹಂದಿ ಬಾಲದ ಹಾಗೆ ಒಂದೂವರೆ ಸುತ್ತು, ನಡುವೆ ನೇರ 5 ಸೆಂ.ಮೀ. ಕೀ-ಬಂಚ್ ರಿಂಗಿಗೆ ಕೀ ಹಾಕುವಾಗ ಹೇಗೆ ಸುತ್ತಿ ಸುತ್ತಿ ಒಳಗೆ ತರ್ತೀರಿ, ಹಾಗೆಯೇ ದಾರವನ್ನು ಈ ಸುರುಳಿಗೆ ಸುತ್ತಿ ತರಬೇಕು. ಮೇನ್ ದಾರ ಕತ್ತರಿಸಲಿಕ್ಕೆ ಇಲ್ಲ, ಅದೇ ಇದರ ಸುಖ. ಕೆಳಗಿನ ಸುರುಳಿಯ ಪಕ್ಕದಲ್ಲಿ ಒಂದು ಪೂರ್ತಿ ಮುಚ್ಚಿದ ಕಣ್ಣು ಮಾಡಿ, ಅದಕ್ಕೆ ಸ್ವಿವೆಲ್ (ದಾರ ಹುರಿಯಾಗದ ಹಾಗೆ ತಿರುಗುವ ಕೊಂಡಿ), ಸ್ವಿವೆಲ್ಲಿಗೆ ಮೊಣಕೈ ಉದ್ದದ ಗಾಳದ ದಾರ. ಮೀನಿನ ಭಾರ ಬೀಳುವುದು ಆ ಕಣ್ಣಿಗೆ. ಅಲ್ಲಿ ಸೋಲ್ಡರ್ ನಂಬಬೇಡಿ, ಕಂಬಿಯನ್ನೇ ಮೂರು ಸುತ್ತು ಬಿಗಿಯಾಗಿ ಹೊಸೆಯಿರಿ.

ಕಂಬಿಯ ಎರಡು ತುದಿ ಅರದಲ್ಲಿ ಉಜ್ಜಿ, ಆಮೇಲೆ ಪಾಲಿಶ್ ಪೇಪರ್. ನುಣುಪಾಯ್ತು ಅಂತ ಕಣ್ಣಿಗೆ ಕಂಡರೆ ಸಾಲದು. ಹತ್ತಿಯನ್ನು ಅದರ ಮೇಲೆ ಎಳೆಯಿರಿ, ಒಂದು ಎಳೆ ಸಿಕ್ಕಿಕೊಂಡರೂ ಇನ್ನೂ ಮುಳ್ಳಿದೆ ಅಂತ ಲೆಕ್ಕ. ಆ ಮುಳ್ಳು ರಾತ್ರಿಯಿಡೀ ನಿಮ್ಮ ದಾರವನ್ನು ಕೆರೀತಾ ಇರ್ತದೆ. ಇದೇ ಕಾರಣಕ್ಕೆ ಎಳೆ ಹೆಣೆದು ಮಾಡಿದ ಬ್ರೇಡ್ ದಾರದಲ್ಲಿ ಈ ಕೆಲಸ ಬೇಡ, ತಂಗೂಸಿಯೇ ಇರಲಿ.

ಗುಂಡಿನ ಕಡೆ ಹೀಗೆ ಕಟ್ಟಿ. ಮೇನ್ ದಾರದ ತುದಿಗೆ 0.90ರ ದಪ್ಪ ಲೀಡರ್, ನಾಲ್ಕೈದು ಮೀಟರ್, ಕಲ್ಲಿಗೆ ಉಜ್ಜುವುದನ್ನು ಅದು ತಡೀತದೆ. ಲೀಡರಿನ ಕೊನೆಗೆ 8 ಮಿ.ಮೀ. ಮಣಿ, ಫ್ಯಾನ್ಸಿ ಸ್ಟೋರಿನದ್ದೇ ಸಾಕು, ಅದರ ಕೆಳಗೆ ಸ್ವಿವೆಲ್. ಕ್ಲಿಪ್ಪಿನ ಸುರುಳಿ 4 ಮಿ.ಮೀ., ಮಣಿ 8, ಹಾಗಾಗಿ ಬಂದು ನಿಲ್ಲುವುದು ಅಲ್ಲೇ. ಸ್ವಿವೆಲ್ಲಿಂದ ಕೆಳಗೆ ಒಂದು ಮೀಟರ್ ತೆಳು ದಾರ, 0.35ರದ್ದು, ಅದರ ತುದಿಗೆ ಗುಂಡು. ಗುಂಡು ಕಲ್ಲಿಗೆ ಸಿಕ್ಕಿಕೊಂಡರೆ ಅಲ್ಲೇ ತುಂಡಾಗಬೇಕು, ಮೀನು ನಿಮಗೆ ಬರಬೇಕು. ನಾನು ಸೀಸ ಹಾಕುವುದೇ ಇಲ್ಲ, ಗ್ಯಾರೇಜಿನಿಂದ ಹಳೇ ಸ್ಪಾರ್ಕ್ ಪ್ಲಗ್ ತಂದು ಎರಡನ್ನು ಜೋಡಿಸಿ ಕಟ್ಟುತ್ತೇನೆ. ಕಳಕೊಂಡರೆ ಹೊಟ್ಟೆ ಉರಿಯುವುದಿಲ್ಲ.

ಒಂದು ಎಚ್ಚರಿಕೆ. 0.35ರ ದಾರದಲ್ಲಿ ಮೈಯೆಲ್ಲ ತಿರುಗಿಸಿ ಬೀಸಿದರೆ ತುಂಡಾಗಿ ಗುಂಡು ಬಂದೂಕಿನ ಗುಂಡಿನ ಹಾಗೆ ಹೋಗ್ತದೆ. ಒಮ್ಮೆ ನನ್ನದು ಹಾಗೆ ಹೋಗಿ ಹಿಂದೆ ನಿಲ್ಲಿಸಿದ್ದ ನನ್ನದೇ ಬೈಕಿನ ಹೆಡ್‌ಲೈಟಿಗೆ ಬಡಿದಿದೆ, ಅಲ್ಲಿ ಜನ ಇದ್ದಿದ್ದರೆ? ಬೀಸಬೇಡಿ. ತೊಟ್ಟಿಲು ತೂಗಿದ ಹಾಗೆ ತೂಗಿ ಬಿಡಿ. ಬಂಡೆ ಮೇಲಿಂದ 40-50 ಮೀಟರಿಗೆ ಅಷ್ಟು ಸಾಕು.

ಮತ್ತೊಂದು, ಎಲ್ಲಕ್ಕಿಂತ ಮುಖ್ಯದ್ದು, ಗಂಟು. ಮೇನ್ ದಾರ ಮತ್ತು ಲೀಡರ್ ಸೇರುವಲ್ಲಿ ಆಲ್‌ಬ್ರೈಟ್ ಗಂಟು ಹಾಕಿ, ಅಂದ್ರೆ ದಪ್ಪ ದಾರವನ್ನು ಮಡಚಿ ತೆಳುವನ್ನು ಅದಕ್ಕೆ ಸುತ್ತುವ ಗಂಟು. ಆ ಗಂಟಿನಲ್ಲಿ ಮಡಚಿದ ದಪ್ಪ ದಾರದ ಮೂಗು ಮೇಲ್ಮುಖವಾಗಿ ನಿಲ್ತದೆ, ಇಳಿದು ಬರುವ ಕ್ಲಿಪ್ ಅದಕ್ಕೇ ಹೋಗಿ ಡಿಕ್ಕಿ ಹೊಡೆಯುವುದು. ಅಲ್ಲಿಗೆ ನೈಲ್ ಪಾಲಿಶ್ ಎರಡು ಮೂರು ಸಲ ಹಚ್ಚಿ ಒಣಗಿಸಿ, ಮೂಗು ಹೋಗಿ ಇಳಿಜಾರಾಗ್ತದೆ. ಮನೆಯಲ್ಲೇ ದಾರದ ಒಂದು ತುದಿಯನ್ನು ಬಾಗಿಲ ಚಿಲಕಕ್ಕೆ ಕಟ್ಟಿ, ಕ್ಲಿಪ್ ಹಾಕಿ ಗಂಟಿನ ಮೇಲೆ ಜಾರಿಸಿ ನೋಡಿ. ಮನೆಯಲ್ಲಿ ನಿಂತದ್ದು ಸಮುದ್ರದಲ್ಲಿ ಇಳಿಯುವುದಿಲ್ಲ.

ಬೆಟ್: ನೀವು ಬೂತಾಯಿ ಅನ್ನುವುದಕ್ಕೆ ನಾವು ಬೈಗೆ ಅನ್ನುವುದು, ಅದು ಮೆತ್ತಗೆ. ಬೊಂಡಾಸ್ (ಸ್ಕ್ವಿಡ್) ಹಾಕಿ, ಏಡಿಗೆ ಹರಿಯಲಿಕ್ಕೆ ಹೊತ್ತು ಬೇಕು. ಬೈಗೆಯೇ ಆಗಬೇಕು ಅಂದ್ರೆ ದರ್ಜಿಯವರ ಹತ್ತಿರ ಸಿಗುವ ತೆಳು ಎಲಾಸ್ಟಿಕ್ ನೂಲು ಸುತ್ತಿ.

ತುಮಕೂರಿನವರೇ, ಕೆರೆಯಲ್ಲಿ ಬೇಡ. ನಿಮ್ಮ ಏರಿ ಎತ್ತರ ಇದ್ದರೂ ನೀರೊಳಗೆ ಅದು ಓರೆಯಾಗಿ ಹಬ್ಬಿರ್ತದೆ, ಆಳ ಬರುವಷ್ಟರಲ್ಲಿ ದೂರ ಆಯ್ತು. ಹಿಟ್ಟಿಗೆ ಸ್ವಲ್ಪ ಹತ್ತಿ ಸೇರಿಸಿ ನಾದಿ, ಉದುರುವುದಿಲ್ಲ.

ಕಾಪುಬಂಡೆ:

ಅಣ್ಣ, ಇಷ್ಟು ಬಿಡಿಸಿ ಹೇಳಿದ್ದಕ್ಕೆ ಏನು ಹೇಳೋದು ಗೊತ್ತಾಗ್ತಿಲ್ಲ. ಒಂದು ಸಂಶಯ. ಕ್ಲಿಪ್ ಕೆಳಗೆ ಹೋಗಿ ಮಣಿಗೆ ನಿಂತಿತು ಸರಿ. ಮೀನು ಕಚ್ಚಿ ವಾಪಸ್ ಮೇಲಕ್ಕೆ ಓಡಿದ್ರೆ ಕ್ಲಿಪ್ ಮೇನ್ ದಾರದ ಮೇಲೆ ಹಿಂದೆ ಬರ್ತದಲ್ವಾ? ಆಗ ಎಂತ ಆಗ್ತದೆ?

ಡರ್ಬನ್ ದಂಡೆ:

ಈ ಪ್ರಶ್ನೆಗೆ ನಾನು ಹೇಳ್ತೀನಿ. ಊರು ಶಿರಸಿ, ಕೆಲಸಕ್ಕಾಗಿ ಡರ್ಬನ್ನಿಗೆ ಬಂದು ಆರು ವರ್ಷ. ಈ ಜಾರುಗಾಳ ದಕ್ಷಿಣ ಆಫ್ರಿಕಾದ ಕರಾವಳಿಯಲ್ಲಿ ದಿನನಿತ್ಯದ ಮಾತು. ದಡದಿಂದಲೇ ದೊಡ್ಡ ಶಾರ್ಕ್, ತೊರಕೆ (ಚಾಪೆಯಂಥ ಚಪ್ಪಟೆ ಮೀನು) ಹಿಡಿದು ಬಿಡುವವರು ಹೀಗೇ ಮಾಡ್ತಾರೆ, ಯಾಕೆಂದರೆ ಒಂದು ಕಿಲೋ ಮೀನಿನ ತಲೆಯನ್ನು ಯಾರಿಂದಲೂ ಬೀಸಿ ಎಸೆಯೋಕಾಗಲ್ಲ. ಹವಾಯಿ ದ್ವೀಪದವರೂ ಉಲುವಾ ಅನ್ನೋ ದೊಡ್ಡ ಮೀನಿಗೆ ಬಂಡೆ ಮೇಲಿಂದ ಇದೇ ಥರ ಜಾರಿಸ್ತಾರೆ.

ಹಿಂದೆ ಬಂದರೂ ಮೀನು ತಪ್ಪಿಸಿಕೊಳ್ಳಲ್ಲ. ದಾರದ ತುದಿಯಲ್ಲಿ ಮಣಿ ಇದೆ, ಕ್ಲಿಪ್ ಅದನ್ನು ದಾಟಿ ಹೊರಗೆ ಹೋಗೋಕಾಗಲ್ಲ. ಮೀನು ಸಮುದ್ರದ ಕಡೆ ಓಡಿದರೆ ದಾರವೇ ಕ್ಲಿಪ್ಪಿನೊಳಗೆ ಓಡಿ, ಕೊನೆಗೆ ಮಣಿ ಬಂದು ಬಡಿದು ಬಿಗಿಯಾಗತ್ತೆ. ತೊಂದರೆ ಇರೋದು ಬೇರೆ ಕಡೆ. ನಡುವೆ ಆ ಸಡಿಲು ಇರುವಷ್ಟು ಹೊತ್ತು ಗಾಳ ಸರಿಯಾಗಿ ನಾಟಲ್ಲ, ಜೊತೆಗೆ ಓಡುವ ದಾರ ಕಂಬಿಗೆ ಉಜ್ಜತ್ತೆ. ಅದಕ್ಕೇ ಇಲ್ಲಿ ಹೋಗುತ್ತದೆ ಆದರೆ ಹಿಂದಕ್ಕೆ ಬರುವುದಿಲ್ಲ ಅನ್ನೋ ಥರದ ಕ್ಲಿಪ್ ಮಾರ್ತಾರೆ. ಅದರ ಬಾಗು ಹೇಗಿರತ್ತೆ ಅಂದ್ರೆ, ಕೆಳಗೆ ಸಲೀಸಾಗಿ ಜಾರತ್ತೆ, ಮೀನು ಮೇಲಕ್ಕೆ ಎಳೆದರೆ ಓರೆಯಾಗಿ ಲೀಡರನ್ನು ಕಚ್ಚಿ ಹಿಡಿಯತ್ತೆ. ನಾನೂ ಮನೆಯಲ್ಲಿ ಎರಡು ಬಗ್ಗಿಸಿ ನೋಡಿದೆ. ಕಚ್ಚೋದೇನೋ ಕಚ್ಚಿದವು, ನೈಲಾನಿಗೆ ಗಾಯ ಮಾಡಿದವು. ಅದಕ್ಕೆ 1 ಮಿ.ಮೀ. ಮೇಲಿನ ಲೀಡರ್ ಬೇಕು. ನಿಮ್ಮ ಮೀನಿಗೆ ಗಂಗೊಳ್ಳಿಯವರ ಹಂದಿಬಾಲವೇ ಸಾಕು ಅಂತ ನನಗನ್ನಿಸತ್ತೆ. ತುದಿ ಒಳಕ್ಕೆ ಬಾಗಿದ ವೃತ್ತಾಕಾರದ ಗಾಳ (ಸರ್ಕಲ್ ಹುಕ್) ಬಳಸಿ, ರಾಡ್ ಎತ್ತಿ ಜಗ್ಗಬೇಡಿ, ಮೀನೇ ಓಡಿ ಬಾಯಿಯ ಮೂಲೆಗೆ ನಾಟಿಸಿಕೊಳ್ಳತ್ತೆ.

ಇಲ್ಲಿ ಸಮುದ್ರಕ್ಕೆ ಗಾಳ ಹಾಕೋಕೂ ಪರವಾನಗಿ ಬೇಕು, ಅಂಚೆ ಕಚೇರಿಯಲ್ಲಿ ಕೊಡ್ತಾರೆ. ನನಗೆ ಜಾರಿಸೋದು ಕಲಿಸಿದ ಅಜ್ಜನ ಪೂರ್ವಜರು 1860ರ ನಂತರ ಕಬ್ಬಿನ ತೋಟಕ್ಕೆ ಅಂತ ಮದ್ರಾಸಿನಿಂದ ಹಡಗು ಹತ್ತಿದವರಂತೆ. ತಮಿಳು ಮರೆತುಹೋಗಿದೆ, ಮೀನು ಸಾರಿಗೆ ಹುಣಸೆಹುಳಿ ಹಿಂಡೋದು ಮರೆತಿಲ್ಲ.

ಮರೆತೆ, ನಿಮ್ಮಲ್ಲೂ ತೊರಕೆ ಬರಬಹುದು. ಬಾಲದ ಮುಳ್ಳು ಹುಷಾರು. ಚುಚ್ಚಿದರೆ ತಡೆದುಕೊಳ್ಳುವಷ್ಟು ಬಿಸಿ ನೀರಲ್ಲಿ ಕಾಲಿಟ್ಟುಕೊಂಡು, ಆಮೇಲೆ ನೇರ ಆಸ್ಪತ್ರೆಗೆ.

ಕಾರವಾರದ ಟೀಚರ್:

ಮೇಲೆ ಸ್ಪಾರ್ಕ್ ಪ್ಲಗ್ ಅಂತ ಬರೆದವರಿಗೆ ದೊಡ್ಡ ನಮಸ್ಕಾರ. ನಮ್ಮ ಮನೆಯವರು ಹೋದ ವರ್ಷ ಅಡುಗೆಮನೆಯ ಗ್ಯಾಸ್ ಮೇಲೆ ಹಳೇ ಬಲೆಯ ಸೀಸ ಕರಗಿಸಿ ಗುಂಡು ಹೊಯ್ದರು. ಸೀಸ 327 ಡಿಗ್ರಿಗೆ ಕರಗ್ತದೆ. ಮರಳಿನ ಅಚ್ಚಿನಲ್ಲಿ ಪಸೆ ಇತ್ತು, ನೀರು ಒಮ್ಮೆಲೇ ಆವಿಯಾಗಿ ಸೀಸ ಮೇಲಕ್ಕೆ ಸಿಡಿಯಿತು. ಕಣ್ಣಿಗೆ ಬಿದ್ದಿಲ್ಲ, ಅದು ಪುಣ್ಯ. ಕೈ ಮೇಲೆ ಮೂರು ಕಲೆ ಇನ್ನೂ ಇವೆ. ಆ ಪಾತ್ರೆಯನ್ನು ತೊಳೆದು ಮತ್ತೆ ಶೆಲ್ಫಿನಲ್ಲಿಟ್ಟಿದ್ದರು ಮಹಾನುಭಾವರು, ನಾನು ಹೊರಗೆ ಎಸೆದೆ. ಮಕ್ಕಳಿರುವ ಮನೆಯಲ್ಲಿ ಸೀಸದ ಹೊಗೆ, ಪುಡಿ ಎರಡೂ ವಿಷ. ಮಾಡಲೇಬೇಕು ಅಂದ್ರೆ ಹೊರಗೆ, ಬೇರೆಯದೇ ಕಬ್ಬಿಣದ ಪಾತ್ರೆಯಲ್ಲಿ, ಒಣಗಿದ ಅಚ್ಚಿನಲ್ಲಿ ಮಾಡಿ.

ಕಾಪುಬಂಡೆ:

ಎರಡು ಶನಿವಾರ ಕಳೆಯಿತು, ವರದಿ ಒಪ್ಪಿಸ್ತೇನೆ.

ಮೊದಲನೇ ಶನಿವಾರ ಹೇಳಿದ ಹಾಗೆ ಬಂಡೆಯ ಉತ್ತರ ಬದಿಯ ಗುಂಡಿಗೆ ತೂಗಿ ಬಿಟ್ಟೆ. ಕ್ಲಿಪ್ ಸರ್ರ ಅಂತ ಇಳಿದು ನೀರಿಗೆ ಮುಟ್ಟುವುದು ಟಾರ್ಚಿನ ಬೆಳಕಲ್ಲಿ ಕಂಡಿತು. ಆ ಖುಷಿ ಹೇಳಿ ಸುಖ ಇಲ್ಲ. ಆದ್ರೆ ಅರ್ಧ ಗಂಟೆ ಬಿಟ್ಟು ಎಳೆದ್ರೆ ಬೊಂಡಾಸ್ ಇಟ್ಟ ಹಾಗೇ ಉಂಟು, ಕ್ಲಿಪ್ ಗಂಟಿನ ಮೇಲೆ ಕೂತಿದೆ. ನೈಲ್ ಪಾಲಿಶ್ ಒಂದೇ ಸಲ ಹಚ್ಚಿದ್ದೆ. ಹೆಂಡತಿ ಬಾಟಲಿ ಕಸಿದುಕೊಂಡಿದ್ದಳು. ಈಗ ನನಗೇ ಅಂತ ಬೇರೆ ಬಾಟಲಿ ತಂದಿದ್ದೇನೆ. ಅಂಗಡಿಯವ ಯಾವ ಬಣ್ಣ ಅಂತ ಕೇಳಿದ, ಯಾವುದಾದ್ರೂ ಆದೀತು ಅಂದೆ, ಗುಲಾಬಿ ಕೊಟ್ಟ.

ನಿನ್ನೆ ಭರತ (ಕಡಲ ಉಬ್ಬರ) ಏರ್ತಾ ಇರುವಾಗ ಹಾಕಿದೆ. ಗಂಟು ದಾಟಿತು, ಮಣಿಗೆ ಬಂದು ತಾಗಿದ್ದು ರಾಡಿನ ತುದಿಗೆ ಟಿಕ್ ಅಂತ ಗೊತ್ತಾಯ್ತು. ಒಂಬತ್ತು ಗಂಟೆಗೆ ಮೊದಲ ಮೀನು, ತೇಡೆ. ಅಂಗೈ ಉದ್ದ. ಇಷ್ಟೆಲ್ಲ ಮಾಡಿ ತೇಡೆ! ಬಿಟ್ಟೆ. ಹತ್ತೂವರೆಗೆ ಒಂದು ಕೆಂಬೇರಿ, ಮನೆಯ ತಕ್ಕಡಿಯಲ್ಲಿ 1 ಕಿಲೋ 400. ಅದು ಇವತ್ತು ಮಧ್ಯಾಹ್ನದ ಪುಳಿಮುಂಚಿ.

ಹನ್ನೊಂದು ದಾಟಿದ ಮೇಲೆ ಬಂದದ್ದು ಬೇರೆಯೇ. ಓಡಲಿಲ್ಲ, ಬರೀ ಭಾರ, ಯಾರೋ ಕೆಳಗೆ ಚಾಪೆ ಹಿಡಿದು ಕೂತ ಹಾಗೆ. ತೊರಕೆ ಅಂತ ನನ್ನ ಲೆಕ್ಕ. ಇಪ್ಪತ್ತು ನಿಮಿಷ ಕೂತೆವು, ಅದು ಅಲ್ಲಿ, ನಾನು ಇಲ್ಲಿ. ಸ್ವಲ್ಪ ಸ್ವಲ್ಪ ಎದ್ದು ಬಂತು, ಇನ್ನೇನು ನೀರ ಮೇಲೆ ಕಾಣ್ತದೆ ಅನ್ನುವಾಗ ಒಮ್ಮೆಲೇ ಹಗುರ. ಎಳೆದು ನೋಡಿದ್ರೆ ಲೀಡರ್, ಮಣಿ, ಸ್ವಿವೆಲ್, ಸ್ಪಾರ್ಕ್ ಪ್ಲಗ್ ಎಲ್ಲ ಸರಿಯಾಗಿ ಉಂಟು. ಕ್ಲಿಪ್ಪೇ ಇಲ್ಲ. ದಾರ ಎಲ್ಲೂ ತುಂಡಾಗಲಿಲ್ಲ ಅಣ್ಣ. ಎಲ್ಲಿ ತಪ್ಪಿದೆ?

ಗಂಗೊಳ್ಳಿ ವೆಲ್ಡರ್:

ಸುರುಳಿ ಬಿಚ್ಚಿ ನೇರ ಆಗಿದೆ, ಮತ್ತೆಂತ. ಒಂದೂವರೆ ಸುತ್ತು ಹಾಕಿದ್ರಾ, ಒಂದೇ ಸುತ್ತಾ? 18 ಗೇಜಿನ ಸ್ಟೀಲಾದರೆ ಅಷ್ಟು ಸುಲಭಕ್ಕೆ ಬಿಚ್ಚುವುದಿಲ್ಲ. ಕಂಬಿ ಎಲ್ಲಿಂದ ತಂದದ್ದು? ಮ್ಯಾಗ್ನೆಟ್ ಹಿಡಿದು ನೋಡಿದ್ರಾ? ಆ ಕ್ಲಿಪ್ಪಿನ ಒಂದು ಫೋಟೋ ಹಾಕಿ, ನೋಡಿ ಹೇಳ್ತೇನೆ.

ಕಾಪುಬಂಡೆ:

ಒಂದೂವರೆ ಸುತ್ತೇ ಹಾಕಿದ್ದು. ಕಂಬಿ ಮಾತ್ರ ಅಪ್ಪನ ಹಳೇ ಸೈಕಲ್ ಸ್ಪೋಕ್, ಮ್ಯಾಗ್ನೆಟ್ ಹಿಡಿದು ನೋಡಲೇ ಇಲ್ಲ. ಫೋಟೋ ಬೇಕಾದ್ರೆ ತೊರಕೆಯ ಹತ್ತಿರ ಕೇಳಬೇಕಷ್ಟೆ, ಕ್ಲಿಪ್ ಈಗ ಅದರ ಬಾಯಲ್ಲಿ ಉಂಟು.